ಅಂಕಗಳು ಇಳಿದಿವೆ, ಆಟ ಬೆಳೆದಿದೆ: ಹತ್ತೊಂಬತ್ತರ ಡಿಫೆನ್ಸ್‌ಮನ್‌ನನ್ನು ಅಳೆಯುವುದು ಹೇಗೆ?

ನೀಲಿಗೆರೆ ಬರೆದಿದ್ದಾರೆ:

ಸ್ನೇಹಿತರೇ, ಎರಡು ಋತುಗಳಿಂದ ಕೆನಡಾದ ಜೂನಿಯರ್ ಐಸ್ ಹಾಕಿಯ ಒಂಟಾರಿಯೊ ಹಾಕಿ ಲೀಗ್‌ನ ಒಬ್ಬ ಡಿಫೆನ್ಸ್‌ಮನ್‌ನ (ರಕ್ಷಣಾ ಆಟಗಾರನ) ಆಟವನ್ನು ಬಿಡದೆ ನೋಡುತ್ತಿದ್ದೇನೆ. ಎಡಕ್ಕೆ ಹೊಡೆಯುವವನು, ಎಡಬದಿಯಲ್ಲೇ ಆಡುವವನು, ಎನ್‌ಎಚ್‌ಎಲ್ ಎಂಬ ಅಗ್ರ ವೃತ್ತಿಪರ ಲೀಗ್‌ನ ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಕಳೆದ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಆಯ್ಕೆಯಾದವನು. ಹೆಸರು ಹೇಳಿದ ಕೂಡಲೇ ಚರ್ಚೆ ಅವನನ್ನು ಆರಿಸಿಕೊಂಡ ತಂಡದ ಕಡೆಗೆ ಜಾರುತ್ತದೆಂಬ ಕಾರಣಕ್ಕೆ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಗತ್ಯವೆನಿಸಿದವರು ಖಾಸಗಿಯಾಗಿ ಕೇಳಬಹುದು.

ನನ್ನ ಗೊಂದಲ ಇಷ್ಟು. ಡ್ರಾಫ್ಟ್‌ಗೆ ಮುಂಚಿನ ವರ್ಷ ಅವನು ಮೊದಲ ಪವರ್ ಪ್ಲೇ (ಶಿಕ್ಷೆಯಿಂದ ಎದುರಾಳಿಗೆ ಒಬ್ಬ ಆಟಗಾರ ಕಡಿಮೆಯಿರುವಾಗಿನ ಆಟ) ಘಟಕದಲ್ಲಿ ನಿಂತು ಸಾಕಷ್ಟು ಅಂಕ (ಗೋಲು ಮತ್ತು ಅಸಿಸ್ಟ್, ಎಂದರೆ ಗೋಲಿಗೆ ನೆರವಾದ ಪಾಸ್) ಗಳಿಸಿದ. ಈ ವರ್ಷ ಹೊಸ ಕೋಚ್ ಅವನನ್ನು ಅಲ್ಲಿಂದ ತೆಗೆದು ಪೆನಾಲ್ಟಿ ಕಿಲ್‌ಗೆ (ತಮ್ಮ ತಂಡಕ್ಕೆ ಒಬ್ಬ ಕಡಿಮೆಯಿರುವಾಗಿನ ರಕ್ಷಣೆಗೆ) ಹಾಕಿದ್ದಾರೆ, ಎದುರಾಳಿಯ ಮುಂಪಡೆಯ ಬಲಿಷ್ಠ ಸಾಲು ಆಟಕ್ಕೆ ಇಳಿದಾಗಲೆಲ್ಲ ಅವನನ್ನೇ ಕಳುಹಿಸುತ್ತಿದ್ದಾರೆ. ಸಹಜವಾಗಿಯೇ ಅಂಕಗಳು ಇಳಿದಿವೆ. ಅಭಿಮಾನಿಗಳ ನಡುವೆ "ಹುಡುಗನ ಬೆಳವಣಿಗೆ ನಿಂತುಹೋಯಿತು" ಎಂಬ ಮಾತು ಶುರುವಾಗಿದೆ. ನನಗೋ, ಕಳೆದ ವರ್ಷಕ್ಕಿಂತ ಈ ವರ್ಷವೇ ಅವನು ಉತ್ತಮ ಆಟಗಾರನೆನಿಸುತ್ತದೆ.

ಯಾಕೆ ಹಾಗನ್ನಿಸುತ್ತದೆಂಬುದಕ್ಕೆ ಒಂದು ದೃಶ್ಯ ಹೇಳುತ್ತೇನೆ. ಕಳೆದ ವಾರದ ಪಂದ್ಯದ ಎರಡನೇ ಅವಧಿ. ಎದುರಾಳಿಗಳು ಪಕ್ಕನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು) ಅವನ ಬದಿಯ ಮೂಲೆಗೆ ಎಸೆದು ಬೆನ್ನಟ್ಟಿದರು. ಪಕ್ ಬೋರ್ಡಿಗೆ (ಅಂಗಣದ ಸುತ್ತಲಿನ ಗೋಡೆಗೆ) ತಾಗುವ ಮೊದಲೇ ಅವನು ಒಮ್ಮೆ ಬಲ ಹೆಗಲ ಮೇಲಿಂದ, ಇನ್ನೊಮ್ಮೆ ಎಡ ಹೆಗಲ ಮೇಲಿಂದ ಹಿಂದಕ್ಕೆ ನೋಡಿದ. ಬೆನ್ನಟ್ಟಿ ಬರುತ್ತಿದ್ದವನು ನಡುಭಾಗದಿಂದ ಬರುತ್ತಿದ್ದಾನೆಂದು ತಿಳಿದದ್ದರಿಂದ, ಗೋಲಿನ ಹಿಂದೆ ಓಡುವವನಂತೆ ಹೆಗಲನ್ನು ಆ ಕಡೆಗೆ ಬಾಗಿಸಿದ. ಬೆನ್ನಟ್ಟಿದವನು ನಂಬಿ ಅತ್ತ ತಿರುಗುತ್ತಿದ್ದಂತೆ, ನಮ್ಮ ಹುಡುಗ ಬಂದ ದಾರಿಗೇ ಹೊರಳಿ, ಕೆಳಗಿಳಿದು ಬಂದಿದ್ದ ಸೆಂಟರ್‌ಗೆ (ಮುಂಪಡೆಯ ನಡುವಿನ ಆಟಗಾರನಿಗೆ) ಐದಾರು ಅಡಿಯ ಚಿಕ್ಕ ಪಾಸ್ ಕೊಟ್ಟ. ಅಷ್ಟೇ. ಪ್ರೇಕ್ಷಕರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಂಕಪಟ್ಟಿಯಲ್ಲಿ ಏನೂ ದಾಖಲಾಗಲಿಲ್ಲ. ಕಳೆದ ವರ್ಷ ಇದೇ ಸಂದರ್ಭದಲ್ಲಿ ಅವನು ಹಿಂದೆ ನೋಡದೆ ಪಕ್ಕಿನ ಬಳಿಗೆ ಹೋಗಿ, ಬೆನ್ನಿಗೆ ಗುದ್ದು ತಿಂದು, ಗಾಜಿಗೆ ಹೊಡೆದು ಹೊರಹಾಕುತ್ತಿದ್ದ. ಅದು ಮತ್ತೆ ಎದುರಾಳಿಗೇ ಸಿಗುತ್ತಿತ್ತು.

ಇಂಥದ್ದಕ್ಕೆ ಎಷ್ಟು ಬೆಲೆ ಕೊಡಬೇಕು? ಇದರಿಂದ ಐದು ವರ್ಷದ ನಂತರದ ಆಟಗಾರನನ್ನು ಊಹಿಸಬಹುದೇ? ನಿಮ್ಮ ಅಭಿಪ್ರಾಯ ಬೇಕು.

ಲೆಕ್ಕದ ಪುಸ್ತಕ ಬರೆದಿದ್ದಾರೆ:

ಮೊದಲು ಅಂಕಗಳ ವಿಷಯವನ್ನೇ ಬಿಡಿಸಿಕೊಳ್ಳೋಣ. ಜೂನಿಯರ್ ಮಟ್ಟದಲ್ಲಿ ಡಿಫೆನ್ಸ್‌ಮನ್‌ನ ಅಂಕಗಳನ್ನು ಒಟ್ಟಾಗಿ ನೋಡುವುದೇ ತಪ್ಪು. ಪವರ್ ಪ್ಲೇಯಲ್ಲಿ ನೀಲಿ ಗೆರೆಯ (ದಾಳಿಯ ವಲಯದ ಗಡಿಯ) ನೆತ್ತಿಯ ಮೇಲೆ ನಿಂತು ಪಕ್ಕಕ್ಕೆ ಪಾಸ್ ಕೊಟ್ಟವನಿಗೆ, ಮುಂದಿನ ಆಟಗಾರ ಎಷ್ಟೇ ಚಮತ್ಕಾರ ಮಾಡಿ ಗೋಲು ಹೊಡೆದರೂ, ಒಂದು ಅಸಿಸ್ಟ್ ಸಿಗುತ್ತದೆ. ತಂಡದಲ್ಲಿ ಇಬ್ಬರು ಒಳ್ಳೆಯ ಫಾರ್ವರ್ಡ್‌ಗಳಿದ್ದರೆ ಆ ಜಾಗದಲ್ಲಿ ನಿಂತ ಯಾರ ಅಂಕವೂ ಉಬ್ಬುತ್ತದೆ. ಆದ್ದರಿಂದ ಐವರೆದುರು ಐವರು ಆಡುವಾಗ ಬಂದ ಅಂಕಗಳನ್ನು ಬೇರ್ಪಡಿಸಿ, ಕಳೆದ ವರ್ಷದ ಅದೇ ಸಂಖ್ಯೆಯೊಂದಿಗೆ ಹೋಲಿಸಿ. ನಿಮ್ಮ ಹುಡುಗನ ವಿಷಯದಲ್ಲಿ ಅದು ಇಳಿದಿರಲಾರದೆಂದು ನನ್ನ ಊಹೆ.

ಪ್ಲಸ್-ಮೈನಸ್ ಅಂಕಿಯನ್ನು (ಅವನು ಆಡುತ್ತಿರುವಾಗ ತಂಡ ಹೊಡೆದ ಮತ್ತು ತಿಂದ ಗೋಲುಗಳ ವ್ಯತ್ಯಾಸವನ್ನು) ದಯವಿಟ್ಟು ಚರ್ಚೆಗೆ ತರಬೇಡಿ. ಗೋಲ್‌ಕೀಪರ್‌ನ ಒಂದು ಕೆಟ್ಟ ತಿಂಗಳು ಅದನ್ನು ತಲೆಕೆಳಗು ಮಾಡಬಲ್ಲದು. ಅದಕ್ಕಿಂತ, ಅವನು ಮಂಜಿನ ಮೇಲಿರುವಾಗ ಎರಡೂ ಕಡೆಯ ಹೊಡೆತದ ಯತ್ನಗಳ ಪಾಲು ಎಷ್ಟು, ಅವನು ಬೆಂಚಿನಲ್ಲಿರುವಾಗ ಎಷ್ಟು ಎಂಬ ವ್ಯತ್ಯಾಸ ಹೆಚ್ಚು ಹೇಳುತ್ತದೆ. ಅದನ್ನೂ ಅವನಿಗೆ ಕೊಟ್ಟಿರುವ ಎದುರಾಳಿಗಳ ಮಟ್ಟವನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಕೋಚ್ ಕಠಿಣ ಕೆಲಸ ಕೊಟ್ಟ ವರ್ಷ ಆ ಪಾಲು ಸ್ವಲ್ಪ ಇಳಿಯುವುದು ಸಹಜ.

ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ಹುಟ್ಟಿದ ತಿಂಗಳು. ಎನ್‌ಎಚ್‌ಎಲ್ ಡ್ರಾಫ್ಟ್‌ಗೆ ಅರ್ಹನಾಗಲು ಆ ವರ್ಷದ ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬಬೇಕು. 2025ರಲ್ಲಿ ಐಲ್ಯಾಂಡರ್ಸ್ ತಂಡ ಮೊದಲ ಸ್ಥಾನದಲ್ಲಿ ಆರಿಸಿಕೊಂಡ ಡಿಫೆನ್ಸ್‌ಮನ್ ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. ಹನ್ನೊಂದೇ ಹನ್ನೊಂದು ದಿನ ಜಾರಿದ್ದರೆ ಅವನು ಮುಂದಿನ ವರ್ಷದ ಡ್ರಾಫ್ಟ್‌ಗೆ ಹೋಗುತ್ತಿದ್ದ. ಒಂದೇ ಡ್ರಾಫ್ಟ್‌ನಲ್ಲಿ ಅವನ ಪಕ್ಕ ನಿಂತವನು ಅವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನಿರಬಹುದು, ಮತ್ತು ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಕಾಲುಗಳಿಗೆ ಬರುವ ಬಲವೇ ಬೇರೆ. ನಿಮ್ಮ ಆಟಗಾರ ಯಾವ ತಿಂಗಳಲ್ಲಿ ಹುಟ್ಟಿದವನೆಂದು ಮೊದಲು ನೋಡಿ, ಆಮೇಲೆ ಯಾರೊಂದಿಗಾದರೂ ಹೋಲಿಸಿ.

ಮೂರನೇ ಜೋಡಿ ಬರೆದಿದ್ದಾರೆ:

ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಸರ ಬೇಡ. "ಡಿಫೆನ್ಸ್‌ಮನ್‌ಗಳಿಗೆ ಸಮಯ ಬೇಕು" ಎಂಬ ಮಾತು ನಿಜವೇ ಆದರೂ, ಅದು ಯಾವ ತಪ್ಪನ್ನು ಬೇಕಾದರೂ ಮುಚ್ಚುವ ಕಂಬಳಿಯಾಗಿಬಿಟ್ಟಿದೆ. ಲಿಡ್‌ಸ್ಟ್ರೋಮ್ 1989ರಲ್ಲಿ 53ನೆಯವರಾಗಿ ಆಯ್ಕೆಯಾದರು, ನಂತರ ವರ್ಷದ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು ಏಳು ಬಾರಿ ಗೆದ್ದರು. ಚಾರಾ 1996ರಲ್ಲಿ 56ನೆಯವರು, ಡಂಕನ್ ಕೀತ್ 2002ರಲ್ಲಿ 54ನೆಯವರು, ಷೀ ವೆಬರ್ 2003ರಲ್ಲಿ 49ನೆಯವರು. ಎರಡು-ಮೂರನೇ ಸುತ್ತಿನ ಹುಡುಗನ ಮಾತು ಬಂದಾಗಲೆಲ್ಲ ಈ ಪಟ್ಟಿ ಹೊರಬರುತ್ತದೆ. ಅವರ ಅಕ್ಕಪಕ್ಕ ಆಯ್ಕೆಯಾಗಿ ಯಾರ ನೆನಪಿನಲ್ಲೂ ಉಳಿಯದವರ ಪಟ್ಟಿಯನ್ನು ಯಾರೂ ತೆಗೆಯುವುದಿಲ್ಲ. ಎರಡನೇ ಸುತ್ತಿನಲ್ಲಿ ಆಯ್ಕೆಯಾದವರಲ್ಲಿ ಹೆಚ್ಚಿನವರು ಎನ್‌ಎಚ್‌ಎಲ್‌ನಲ್ಲಿ ಖಾಯಂ ಜಾಗ ಹಿಡಿಯುವುದಿಲ್ಲ ಎಂಬಲ್ಲಿಂದ ನಮ್ಮ ಲೆಕ್ಕ ಶುರುವಾಗಬೇಕು.

ಪ್ರತಿಭೆ ಹುಡುಕುವ ವೃತ್ತಿಪರ ಸ್ಕೌಟ್‌ಗಳೇ ಎಷ್ಟು ಎಡವುತ್ತಾರೆಂಬುದಕ್ಕೆ 2012ರ ಡ್ರಾಫ್ಟ್ ಒಂದೇ ಸಾಕು. ಆ ವರ್ಷ ಮೊದಲ ಹತ್ತು ಆಯ್ಕೆಗಳಲ್ಲಿ ಎಂಟು ಮಂದಿ ಡಿಫೆನ್ಸ್‌ಮನ್‌ಗಳು. ಅವರಲ್ಲಿ ರೈಲಿ, ಲಿಂಡ್‌ಹೋಮ್, ಟ್ರೂಬಾ ಮುಂತಾದವರು ದೀರ್ಘಕಾಲ ನಿಂತರು, ಒಪ್ಪುತ್ತೇನೆ. ಆದರೆ ನಾಲ್ಕನೆಯವನಾಗಿ ಆಯ್ಕೆಯಾದ ಗ್ರಿಫಿನ್ ರೈನ್‌ಹಾರ್ಟ್ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಟ್ಟು 37 ಪಂದ್ಯ. ಎತ್ತರವಿತ್ತು, ಶಾಂತ ಸ್ವಭಾವವಿತ್ತು, ಜೂನಿಯರ್ ಮಟ್ಟದಲ್ಲಿ ಎಲ್ಲ ಸಲೀಸಾಗಿತ್ತು. ವೇಗ ಹೆಚ್ಚಾದಾಗ ಕಾಲು ಸಾಲಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ ಕಾಲ್ಟನ್ ಪರೇಕೊ 86ನೆಯವನು, ಜೇಕಬ್ ಸ್ಲೇವಿನ್ 120ನೆಯವನು. ಇವರಿಬ್ಬರೂ ತಮ್ಮ ತಂಡಗಳ ಮೊದಲ ಜೋಡಿಯ (ಡಿಫೆನ್ಸ್‌ಮನ್‌ಗಳು ಇಬ್ಬಿಬ್ಬರಾಗಿ ಆಡುತ್ತಾರೆ, ಮೊದಲ ಜೋಡಿ ಅತ್ಯುತ್ತಮರದು) ಆಧಾರಸ್ತಂಭಗಳಾದರು. ಹೀಗಿರುವಾಗ ಪರದೆಯ ಮೇಲೆ ನೋಡುವ ನಾವು "ಹೆಗಲ ಮೇಲಿಂದ ಎರಡು ಬಾರಿ ನೋಡಿದ" ಎಂಬುದನ್ನು ಹಿಡಿದು ಭವಿಷ್ಯ ಹೇಳುವುದು ಸ್ವಲ್ಪ ಧೈರ್ಯದ ಕೆಲಸವೇ ಸರಿ.

ಅದೃಷ್ಟದ ಪಾಲನ್ನೂ ಮರೆಯಬಾರದು. 2006ರಲ್ಲಿ ಮೊದಲ ಆಯ್ಕೆಯಾಗಿದ್ದ ಎರಿಕ್ ಜಾನ್ಸನ್ 2008ರಲ್ಲಿ ಗಾಲ್ಫ್ ಬಂಡಿಯ ಅವಘಡದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಋತು ಕಳೆದುಕೊಂಡರು. ಯಾವ ಸ್ಕೌಟ್ ವರದಿಯಲ್ಲೂ ಗಾಲ್ಫ್ ಬಂಡಿಗೆ ಒಂದು ಕಲಂ ಇರುವುದಿಲ್ಲವಲ್ಲ.

ಹಳೆಯ ಸ್ಕೇಟು ಬರೆದಿದ್ದಾರೆ:

ಮೂರನೇ ಜೋಡಿ ಅವರೇ, ನೀವು ಕೊಟ್ಟ ಉದಾಹರಣೆಯೇ ನೀಲಿಗೆರೆ ಅವರ ಮಾತಿಗೆ ಬೆಂಬಲ ಕೊಡುತ್ತದೆಂದು ನನ್ನ ಅನಿಸಿಕೆ. ಸ್ಲೇವಿನ್‌ಗೆ ಹೆಸರು ತಂದುಕೊಟ್ಟದ್ದು ಯಾವುದು? ಕೋಲು ಎಲ್ಲಿರಬೇಕೋ ಅಲ್ಲಿರುತ್ತದೆ, ಕಾಲು ಎಲ್ಲಿರಬೇಕೋ ಅಲ್ಲಿರುತ್ತದೆ, ಎದುರಾಳಿಯನ್ನು ಬೀಳಿಸದೆ ಪಕ್ಕನ್ನು ಕಸಿಯುತ್ತಾರೆ. ಎದುರಾಳಿಯ ಅತ್ಯುತ್ತಮ ಸಾಲಿನೆದುರು ನಿತ್ಯ ಆಡಿಯೂ ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್ ಟ್ರೋಫಿಯನ್ನು 2021ರಲ್ಲೂ 2024ರಲ್ಲೂ ಗೆದ್ದವರು ಅವರು. ಇಂಥ ಗುಣ ಹದಿನೆಂಟರಲ್ಲಿ ಅಂಕಪಟ್ಟಿಯಲ್ಲಿ ಕಾಣಿಸದು. ಕಣ್ಣಿಗೂ ಬೇಗ ಕಾಣಿಸದು.

ನಾನು ಹಲವು ವರ್ಷ ಹದಿಹರೆಯದವರಿಗೆ ತರಬೇತಿ ಕೊಟ್ಟವನು. ಅಲ್ಲಿ ಕಲಿತದ್ದೆಂದರೆ, ಹುಡುಗನ ದೋಷಗಳನ್ನು ಎರಡು ಗುಂಪು ಮಾಡಿಕೊಳ್ಳಬೇಕು: ದೇಹ ಬಲಿತಂತೆ ತಾನಾಗಿ ಹೋಗುವವು, ಮತ್ತು ಬೇರೆಯಾಗಿ ಕೂತು ತಿದ್ದದಿದ್ದರೆ ಹೋಗದವು. ಮೊದಲ ಮೂರು ಹೆಜ್ಜೆಗಳ ಬಿರುಸು, ಬೋರ್ಡಿನ ಬದಿಯ ತಳ್ಳಾಟ, ಹೊಡೆತದ ವೇಗ, ಇವೆಲ್ಲ ಕಾಲಿಗೂ ಬೆನ್ನಿಗೂ ಬಲ ಬಂದಂತೆ ಸುಧಾರಿಸುತ್ತವೆ. ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾ ಇದ್ದವನು ಮುಮ್ಮುಖವಾಗಿ ತಿರುಗುವ ಕ್ಷಣದಲ್ಲಿ ಸೊಂಟ ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂಬುದು ಎರಡನೇ ಗುಂಪಿಗೆ ಸೇರಿದ್ದು. ಜೂನಿಯರ್‌ನಲ್ಲಿ ಅರ್ಧ ಕ್ಷಣ ತಡವಾದರೂ ನಡೆದುಹೋಗುತ್ತದೆ, ಮೇಲಿನ ಮಟ್ಟದಲ್ಲಿ ಅದೇ ಅರ್ಧ ಕ್ಷಣದಲ್ಲಿ ಎದುರಾಳಿ ಗೋಲಿನ ಮುಂದಿರುತ್ತಾನೆ.

ಚಾರಾ ಅವರ ಕಥೆ ಇಲ್ಲಿ ನೆನಪಾಗುತ್ತದೆ. 206 ಸೆಂಟಿಮೀಟರ್ ಎತ್ತರದ ಆ ದೇಹ ಅವರ ಹಿಡಿತಕ್ಕೆ ಬರಲು ವರ್ಷಗಳೇ ಬೇಕಾದವು. ಐಲ್ಯಾಂಡರ್ಸ್ 2001ರಲ್ಲಿ ಅವರನ್ನು ಒಟ್ಟಾವಾಗೆ ಬಿಟ್ಟುಕೊಟ್ಟಿತು. ನಾರಿಸ್ ಟ್ರೋಫಿ ಬಂದದ್ದು 2009ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ. ಎಲ್ಲ ಎತ್ತರದ ಹುಡುಗರೂ ಹೀಗೆಯೇ ಆಗುತ್ತಾರೆಂದು ನಾನು ಹೇಳುತ್ತಿಲ್ಲ. ಯಾವ ದೋಷ ದೇಹದ್ದು, ಯಾವುದು ಅಭ್ಯಾಸದ್ದು ಎಂದು ಗುರುತಿಸದೆ ಕೈಬಿಟ್ಟವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ, ಹಿಡಿದುಕೊಂಡವರೂ ಕೆಲವೊಮ್ಮೆ ಪಶ್ಚಾತ್ತಾಪ ಪಡುತ್ತಾರೆ.

ಹೆಗಲ ಮೇಲಿಂದ ನೋಡುವ ಅಭ್ಯಾಸದ ಬಗ್ಗೆ: ಅದನ್ನು ಸಣ್ಣದೆಂದು ಭಾವಿಸಬೇಡಿ. ಮೂಲೆಯಿಂದ ಪಕ್ಕನ್ನು ಹೆಕ್ಕುವುದು ಡಿಫೆನ್ಸ್‌ಮನ್ ಪ್ರತಿ ಪಂದ್ಯದಲ್ಲೂ ಮತ್ತೆ ಮತ್ತೆ ಮಾಡಬೇಕಾದ ಕೆಲಸ. ಹಿಂದಿನಿಂದ ಯಾರು ಬರುತ್ತಿದ್ದಾರೆಂದು ಪಕ್ ಮುಟ್ಟುವ ಮೊದಲೇ ತಿಳಿದವನಿಗೆ ಎರಡು ದಾರಿಗಳಿರುತ್ತವೆ. ಮುಟ್ಟಿದ ಮೇಲೆ ತಿಳಿದವನಿಗೆ ಒಂದೂ ಇರುವುದಿಲ್ಲ. ಒಂದೇ ವರ್ಷದಲ್ಲಿ ಆ ಅಭ್ಯಾಸ ಬಂದಿದೆಯೆಂದರೆ, ಯಾರೋ ಹೇಳಿದ್ದನ್ನು ಹುಡುಗ ಕೇಳಿಸಿಕೊಂಡಿದ್ದಾನೆ ಎಂದರ್ಥ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸುಳಿವು ಅದೇ. ಖಾಸಗಿಯಾಗಿ ಹೆಸರು ತಿಳಿಸಿದರೆ ಎರಡು ಪಂದ್ಯ ನೋಡಿ ಹೇಳುತ್ತೇನೆ.

ಬದಲಿ ಬೆಂಚು ಬರೆದಿದ್ದಾರೆ:

ನನಗೊಂದು ಅನುಮಾನ. ಮುಂದಿನ ವರ್ಷ ಅವನು ಎಲ್ಲಿ ಆಡಬೇಕು? ಜೂನಿಯರ್‌ನಲ್ಲಿ ಕಲಿಯುವುದು ಮುಗಿದಿದ್ದರೆ ಎಎಚ್‌ಎಲ್‌ಗೆ (ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ವೃತ್ತಿಪರ ಲೀಗ್‌ಗೆ) ಕಳುಹಿಸುವುದು ಒಳ್ಳೆಯದಲ್ಲವೇ?

ಲೆಕ್ಕದ ಪುಸ್ತಕ ಬರೆದಿದ್ದಾರೆ:

ಬಯಸಿದ ತಕ್ಷಣ ಕಳುಹಿಸುವ ಹಾಗಿಲ್ಲದ್ದೇ ತೊಡಕು. ಕೆನಡಾದ ಮೂರು ಪ್ರಮುಖ ಜೂನಿಯರ್ ಲೀಗ್‌ಗಳಿಂದ ಡ್ರಾಫ್ಟ್ ಆದವರು ಸಾಮಾನ್ಯವಾಗಿ ಇಪ್ಪತ್ತು ತುಂಬುವ ತನಕ ಎಎಚ್‌ಎಲ್‌ಗೆ ಹೋಗುವಂತಿಲ್ಲ ಎಂಬ ಒಪ್ಪಂದ ಬಹುಕಾಲ ನಡೆದುಬಂದಿತ್ತು, 2026-27ರ ಋತುವಿನಿಂದಷ್ಟೇ ಅದಕ್ಕೆ ಸ್ವಲ್ಪ ಸಡಿಲಿಕೆ. ಆದ್ದರಿಂದ ಹತ್ತೊಂಬತ್ತರವನ ಮುಂದೆ ಎನ್‌ಎಚ್‌ಎಲ್ ಅಥವಾ ಹಳೆಯ ಜೂನಿಯರ್ ತಂಡ ಎಂಬ ಎರಡೇ ಬಾಗಿಲುಗಳಿರುತ್ತಿದ್ದವು. ಎನ್‌ಎಚ್‌ಎಲ್‌ನಲ್ಲಿ ಹತ್ತು ಪಂದ್ಯ ಆಡಿಸುವ ಮೊದಲೇ ವಾಪಸು ಕಳುಹಿಸಿದರೆ ಪ್ರವೇಶ ಹಂತದ (ಹೊಸಬನ ಮೊದಲ) ಒಪ್ಪಂದ ಒಂದು ವರ್ಷ ಮುಂದಕ್ಕೆ ಸರಿಯುತ್ತದೆಂಬ ನಿಯಮವಿರುವುದರಿಂದ, ಅನೇಕ ಹುಡುಗರು ಒಂಬತ್ತು ಪಂದ್ಯ ಆಡಿ ಮರಳುವುದನ್ನು ನಾವು ನೋಡಿದ್ದೇವೆ.

2025ರಿಂದ ಮೂರನೆಯ ಬಾಗಿಲು ತೆರೆದಿದೆ: ಜೂನಿಯರ್ ಲೀಗ್‌ನಲ್ಲಿ ಆಡಿದವರೂ ಅಮೆರಿಕದ ಕಾಲೇಜು ಹಾಕಿಗೆ ಹೋಗಬಹುದು, ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿರಬಾರದಷ್ಟೇ. ಇಪ್ಪತ್ತೆರಡು-ಇಪ್ಪತ್ಮೂರರ ಗಟ್ಟಿ ಆಟಗಾರರೆದುರು ಆಡುವುದು, ವಾರಕ್ಕೆ ಎರಡೇ ಪಂದ್ಯ, ಉಳಿದ ದಿನ ಅಭ್ಯಾಸ ಮತ್ತು ವ್ಯಾಯಾಮ. ಡಿಫೆನ್ಸ್‌ಮನ್‌ಗೆ ಇದು ಕೆಟ್ಟ ಏರ್ಪಾಡಲ್ಲ. 2017ರಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ ಕೇಲ್ ಮಕಾರ್ ಅವಸರಪಡದೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ಋತು ಆಡಿ, 2019ರಲ್ಲಿ ನೇರವಾಗಿ ಪ್ಲೇಆಫ್ ಪಂದ್ಯಕ್ಕೆ ಇಳಿದು, ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. ಮೂರು ವರ್ಷದಲ್ಲಿ ನಾರಿಸ್, ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈಥ್, ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಮೂರೂ ಕೈಸೇರಿದವು. ಡಂಕನ್ ಕೀತ್ ಅವರಾದರೆ ಎರಡು ಪೂರ್ಣ ಋತು ಎಎಚ್‌ಎಲ್‌ನಲ್ಲಿ ಕಳೆದೇ ಮೇಲೆ ಬಂದದ್ದು.

ಮೂರನೇ ಜೋಡಿ ಬರೆದಿದ್ದಾರೆ:

ಮಕಾರ್ ಅವರನ್ನು ಯಾರ ಪಕ್ಕದಲ್ಲೂ ನಿಲ್ಲಿಸಬೇಡಿ, ಅದು ಆ ಹುಡುಗನಿಗೆ ಮಾಡುವ ಅನ್ಯಾಯ. ಉಳಿದದ್ದನ್ನು ಒಪ್ಪುತ್ತೇನೆ. ಆದರೆ ನೀಲಿಗೆರೆ ಅವರಿಗೆ ನೇರ ಪ್ರಶ್ನೆ: ಅವನು ಮೊದಲ ಜೋಡಿಯವನೋ, ಎರಡನೆಯದೋ, ಮೂರನೆಯದೋ? "ಒಳ್ಳೆಯ ಆಟಗಾರನಾಗುತ್ತಾನೆ" ಎಂಬ ಉತ್ತರ ನಡೆಯದು.

ನೀಲಿಗೆರೆ ಬರೆದಿದ್ದಾರೆ:

ನ್ಯಾಯವಾದ ಪ್ರಶ್ನೆ. ಎರಡನೇ ಜೋಡಿ ಎನ್ನುತ್ತೇನೆ, ಇಪ್ಪತ್ತಮೂರು ಅಥವಾ ಇಪ್ಪತ್ತನಾಲ್ಕನೆಯ ವಯಸ್ಸಿನ ಹೊತ್ತಿಗೆ. ಮೊದಲ ಜೋಡಿಗೆ ಏರುತ್ತಾನೆಂದು ಹೇಳಲು ನನಗೆ ಧೈರ್ಯವಿಲ್ಲ, ಕಾರಣ ಎದುರಾಳಿಯ ಕಡೆಯ ನೀಲಿ ಗೆರೆಯ ಮೇಲಿನ ಅವನ ಆಟ. ಪಕ್ ಕೈಗೆ ಬಂದಾಗ ಅವನು ಹೊಡೆಯಲಿದ್ದಾನೋ ಪಾಸ್ ಮಾಡಲಿದ್ದಾನೋ ಎಂಬುದು ಕೋಲೆತ್ತುವ ಮುಂಚೆಯೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಹೊಡೆತವನ್ನು ತಡೆಯಲು ಬಂದವನನ್ನು ಪಕ್ಕಕ್ಕೆ ಎಳೆದು ಹೊಸ ಕೋನ ಹುಡುಕುವ ಚಾಲಾಕು ಎರಡು ವರ್ಷದಲ್ಲಿ ಒಂದಿಷ್ಟೂ ಬೆಳೆದಿಲ್ಲ. ಪವರ್ ಪ್ಲೇಯಿಂದ ಅವನನ್ನು ತೆಗೆದ ಕೋಚ್ ಬಹುಶಃ ಇದನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದಾರೆ.

ಅವನ ಬಲ ಇರುವುದು ತನ್ನ ಕಡೆಯ ನೀಲಿ ಗೆರೆಯನ್ನು ಕಾಯುವುದರಲ್ಲಿ. ಕಳೆದ ವರ್ಷ ಎದುರಾಳಿ ಪಕ್ ತರುವಾಗ ಹಿಂದೆ ಹಿಂದೆ ಸರಿದು ವಲಯದೊಳಕ್ಕೆ ಬಿಟ್ಟುಕೊಡುತ್ತಿದ್ದ. ಈ ವರ್ಷ ಮಧ್ಯದ ಕೆಂಪು ಗೆರೆಯ ಬಳಿಯಲ್ಲೇ ಅಂತರವನ್ನು ಒಂದು ಕೋಲಿನ ಅಳತೆಗೆ ಇಳಿಸುತ್ತಾನೆ, ಆದ್ದರಿಂದ ಎದುರಾಳಿ ಪಕ್ಕನ್ನು ಹೊತ್ತು ಬರುವ ಬದಲು ಮೂಲೆಗೆ ಎಸೆಯಬೇಕಾಗುತ್ತದೆ. ಎಸೆದರೆ, ಮೇಲೆ ಹೇಳಿದ ಹೆಕ್ಕುವ ಕೆಲಸ ಅವನಿಗೇ ಬರುತ್ತದೆ. ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಹೆಕ್ಕುವುದರಲ್ಲಿ ಧೈರ್ಯ ಬಂದದ್ದರಿಂದಲೇ ಅಂತರ ಕಡಿಮೆ ಮಾಡುವ ಧೈರ್ಯವೂ ಬಂದಿರಬೇಕೆಂದು ನನಗೆ ತೋರುತ್ತದೆ.

ಹಳೆಯ ಸ್ಕೇಟು ಬರೆದಿದ್ದಾರೆ:

ಎರಡು ಪಂದ್ಯ ನೋಡಿದೆ, ಒಂದನ್ನು ನಿಧಾನಗತಿಯಲ್ಲಿ ಮತ್ತೊಮ್ಮೆ ನೋಡಿದೆ. ಅಂತರದ ಬಗ್ಗೆ ನೀವು ಹೇಳಿದ್ದು ಸರಿ. ಕಣ್ಣುಗಳೂ ಚೆನ್ನಾಗಿವೆ, ಕೋಲೂ ಶಿಸ್ತಿನಲ್ಲಿದೆ. ಆದರೆ ನಿಮ್ಮ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಎಡಕ್ಕೆ, ಎಂದರೆ ಬೋರ್ಡಿನ ಕಡೆಗೆ, ತಿರುಗುವಾಗ ಅವನ ಸೊಂಟ ಸಲೀಸಾಗಿ ತೆರೆದುಕೊಳ್ಳುತ್ತದೆ. ಬಲಕ್ಕೆ, ಎಂದರೆ ನಡುಭಾಗದ ಕಡೆಗೆ, ತಿರುಗಬೇಕಾದಾಗ ಒಂದು ಹೆಚ್ಚುವರಿ ಪುಟ್ಟ ಹೆಜ್ಜೆ ಇಡುತ್ತಾನೆ. ಬಲಗಾಲಿನ ಸ್ಕೇಟು ಮಂಜಿನ ಮೇಲೆ ಒಮ್ಮೆ ಕೆರೆಯುವುದು ಕಾಣುತ್ತದೆ. ಹಳೆಯ ಗಾಯದಿಂದ ಹೀಗಾಗಿದೆಯೋ, ಬಾಲ್ಯದಿಂದ ಬಂದ ರೂಢಿಯೋ ಹೇಳಲಾರೆ.

ಜೂನಿಯರ್‌ನಲ್ಲಿ ಇದನ್ನು ಯಾರೂ ಬಳಸಿಕೊಂಡಿಲ್ಲ, ಏಕೆಂದರೆ ಹೆಚ್ಚಿನ ಫಾರ್ವರ್ಡ್‌ಗಳು ವೇಗವನ್ನು ನಂಬಿ ಹೊರಬದಿಯಿಂದಲೇ ಹೋಗುತ್ತಾರೆ. ವೃತ್ತಿಪರ ತಂಡಗಳ ವಿಡಿಯೊ ಕೋಚ್‌ಗಳು ಒಂದೇ ತಿಂಗಳಲ್ಲಿ ಕಂಡುಹಿಡಿಯುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಹೋಗುವಂತೆ ನಟಿಸಿ ಒಳಕ್ಕೆ ಕತ್ತರಿಸುತ್ತಾರೆ, ಪಕ್ಕನ್ನು ಅವನ ಬಲ ಹೆಗಲ ಹಿಂದೆ ಬೀಳುವಂತೆ ಎಸೆಯುತ್ತಾರೆ. ಎನ್‌ಎಚ್‌ಎಲ್ ಅಂಗಣ 85 ಅಡಿ ಅಗಲ. ಇಬ್ಬರು ಡಿಫೆನ್ಸ್‌ಮನ್‌ಗಳ ನಡುವಿನ ಜಾಗವನ್ನು ಕಾಯಲು ಆ ಬಲ ತಿರುವು ಬೇಕೇ ಬೇಕು. ಇದು ನಾನು ಮೊದಲು ಹೇಳಿದ ಎರಡನೇ ಗುಂಪಿನ ದೋಷ: ತಾನಾಗಿ ಹೋಗದು, ಬೇಸಿಗೆಯಲ್ಲಿ ಸ್ಕೇಟಿಂಗ್ ತರಬೇತುದಾರರೊಬ್ಬರ ಜೊತೆ ದಿನವೂ ಬೇಸರ ಬರುವಷ್ಟು ಅಭ್ಯಾಸ ಮಾಡಿದರೆ ಹೋಗುತ್ತದೆ. ಹೋದರೆ ನೀವು ಹೇಳಿದ ಎರಡನೇ ಜೋಡಿ. ಉಳಿದರೆ, ಮೂರನೇ ಜೋಡಿ ಮತ್ತು ಪೆನಾಲ್ಟಿ ಕಿಲ್.

ಮೂರನೇ ಜೋಡಿ ಬರೆದಿದ್ದಾರೆ:

ನನ್ನ ಹೆಸರಿಗೆ ಕೊನೆಗೂ ಒಂದು ಗೌರವ ಸಿಕ್ಕಿತು. ಹಳೆಯ ಸ್ಕೇಟು ಅವರ ಈ ಬಗೆಯ ಮಾತು ನನಗೆ ಒಪ್ಪಿಗೆ, ಏಕೆಂದರೆ ಇದನ್ನು ಮುಂದಿನ ಸೆಪ್ಟೆಂಬರ್‌ನಲ್ಲಿ ಪರೀಕ್ಷಿಸಿ ನೋಡಬಹುದು. "ಸಮಯ ಕೊಡಿ" ಎನ್ನುವವರು ಯಾವುದಕ್ಕೆ, ಎಷ್ಟು ಸಮಯ ಎಂದು ಇಷ್ಟೇ ಸ್ಪಷ್ಟವಾಗಿ ಹೇಳಿದ್ದರೆ ನಾನು ತಕರಾರು ಎತ್ತುತ್ತಲೇ ಇರಲಿಲ್ಲ.

ನೀಲಿಗೆರೆ ಬರೆದಿದ್ದಾರೆ:

ನಿನ್ನೆ ರಾತ್ರಿ ಹಳೆಯ ಪಂದ್ಯಗಳನ್ನು ಮತ್ತೆ ಹಾಕಿ ಕೂತೆ, ಈ ಬಾರಿ ಪಕ್ಕನ್ನು ಬಿಟ್ಟು ಅವನ ಬಲಗಾಲನ್ನು ಮಾತ್ರ ನೋಡುತ್ತಾ. ಇದೆ. ಎರಡು ವರ್ಷ ನೋಡಿಯೂ ನನಗೆ ಕಾಣದಿದ್ದದ್ದು, ಒಮ್ಮೆ ಹೇಳಿಸಿಕೊಂಡ ಮೇಲೆ ಪ್ರತಿ ತಿರುವಿನಲ್ಲೂ ಕಾಣುತ್ತಿದೆ. ನಾನು ಅಷ್ಟು ಮೆಚ್ಚಿ ಬರೆದ ಆ ಮೂಲೆಯ ದೃಶ್ಯವನ್ನೂ ನೋಡಿದೆ: ಪಕ್ ಬಿದ್ದದ್ದು ಬೋರ್ಡಿನ ಕಡೆ, ಅವನು ತಿರುಗಿದ್ದು ಎಡಕ್ಕೆ, ಎಂದರೆ ಅವನಿಗೆ ಸುಲಭವಾದ ಬದಿಗೆ. ಮೂರನೇ ಅವಧಿಯಲ್ಲಿ ಅದೇ ಎದುರಾಳಿಗಳು ಪಕ್ಕನ್ನು ಗೋಲಿನ ಹಿಂಬದಿಗೆ, ಅವನ ಬಲಕ್ಕೆ ಎಸೆದದ್ದು ಒಂದೇ ಒಂದು ಸಲ. ಆಗ ಅವನು ಹಿಂದಕ್ಕೆ ಎರಡು ಬಾರಿ ನೋಡಿದ್ದು ನಿಜ, ಆದರೆ ಪಕ್ಕಿನ ಬಳಿಗೆ ತಲುಪಿದ್ದು ಫಾರ್ವರ್ಡ್‌ನ ನಂತರ.

ಶನಿವಾರ ಅದೇ ತಂಡದ ವಿರುದ್ಧ ಮತ್ತೆ ಪಂದ್ಯವಿದೆ. ಅವರ ಕೋಚ್ ಆ ಒಂದು ಸಲವನ್ನು ಗಮನಿಸಿದ್ದಾರೋ ಇಲ್ಲವೋ ಎಂಬುದು ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನೋಡಿ ಬಂದು ಬರೆಯುತ್ತೇನೆ.